ತರಗತಿಯೆಂಬ ಅಷ್ಟಾವಧಾನ: ಆಟಿಸಂ ಇರುವ ಪ್ರಶಿಕ್ಷಣಾರ್ಥಿಯೊಬ್ಬರ ಅಭ್ಯಾಸ ಬೋಧನೆಯಿಂದ ಕಲಿತದ್ದು

ಪೀಠಿಕೆ

ಅಭ್ಯಾಸ ಬೋಧನೆಯ ವೀಕ್ಷಣಾ ನಮೂನೆಯ ಕೊನೆಯಲ್ಲಿ 'ಷರಾ' ಎಂಬ ಅಂಕಣವಿರುತ್ತದೆ. ಗಣಿತ ಬೋಧನಾ ಪದ್ಧತಿಯ ಉಪನ್ಯಾಸಕಿಯಾಗಿ ಅದನ್ನು ನೂರಾರು ಸಲ ತುಂಬಿದ್ದೇನೆ. ಅಲ್ಲಿ ಬರೆದ ಒಂದು ಸಾಲನ್ನು ಮಾತ್ರ ಆಮೇಲೆ ನಾನೇ ಹೊಡೆದುಹಾಕಿ, ಪಕ್ಕದಲ್ಲಿ ರುಜು ಮಾಡಬೇಕಾಯಿತು. ಆ ಸಾಲು ಹೀಗಿತ್ತು: "ವಿಷಯಜ್ಞಾನ ಉತ್ತಮ. ತರಗತಿ ನಿರ್ವಹಣೆಗೆ ಸೂಕ್ತರಲ್ಲ."

ಆ ಪ್ರಶಿಕ್ಷಣಾರ್ಥಿಗೆ ಇಪ್ಪತ್ತೊಂಬತ್ತು ವರ್ಷ. ಎಂ.ಎಸ್ಸಿ. ಮುಗಿಸಿ, ಕೆಲವು ಕಾಲ ಬೇರೆ ಕೆಲಸ ಮಾಡಿ ಬಿ.ಎಡ್.ಗೆ ಬಂದವರು. ತಮಗೆ ಆಟಿಸಂ ಇದೆಯೆಂಬುದು ಅವರಿಗೆ ತಿಳಿದದ್ದೇ ವಯಸ್ಕರಾದ ಮೇಲೆ. ಅವರ ಒಪ್ಪಿಗೆ ಪಡೆದು, ಕರಡನ್ನು ಅವರಿಗೆ ತೋರಿಸಿ ಈ ಲೇಖನ ಬರೆದಿದ್ದೇನೆ.

ಸೂಕ್ಷ್ಮ ಬೋಧನೆಯಲ್ಲಿ ಕಂಡದ್ದು

ಸೂಕ್ಷ್ಮ ಬೋಧನೆಯ ಕ್ರಮ ಎಲ್ಲರಿಗೂ ತಿಳಿದದ್ದೇ. ಎದುರಿಗೆ ಐದರಿಂದ ಹತ್ತು ಮಂದಿ, ಆರು ನಿಮಿಷದ ಪಾಠ, ಒಂದು ಸಲಕ್ಕೆ ಒಂದೇ ಕೌಶಲ. ಬೋಧನೆ, ಹಿಮ್ಮಾಹಿತಿ, ಮರುಯೋಜನೆ, ಮರುಬೋಧನೆ, ಮತ್ತೆ ಹಿಮ್ಮಾಹಿತಿ ಸೇರಿ 36 ನಿಮಿಷದ ಒಂದು ಚಕ್ರ. ಇದರಲ್ಲಿ ಈ ಪ್ರಶಿಕ್ಷಣಾರ್ಥಿ ತಂಡದಲ್ಲೇ ಮುಂದಿದ್ದರು. ವಿವರಣಾ ಕೌಶಲದಲ್ಲಿ ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಪ್ಪುಹಲಗೆಯ ಬರಹವಂತೂ ಮುದ್ರಿಸಿದಂತೆ. ಮರುಬೋಧನೆಯಲ್ಲಿ ಹಿಮ್ಮಾಹಿತಿಯ ಪ್ರತಿಯೊಂದು ಅಂಶವೂ ತಿದ್ದಿಕೊಂಡು ಬರುತ್ತಿತ್ತು.

ಅಭ್ಯಾಸ ಶಾಲೆಯಲ್ಲಿ ಕಂಡದ್ದು

ಎಂಟನೆಯ ತರಗತಿ, ನಲವತ್ತು ನಿಮಿಷದ ಅವಧಿ. ಪಾಠ: ಚತುರ್ಭುಜದ ಒಳಕೋನಗಳ ಮೊತ್ತ. ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಎರಡು ಸಲ 180, ಆದ್ದರಿಂದ 360 ಡಿಗ್ರಿ. ಅವರು ಕರ್ಣ ಎಳೆಯುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸರ್, ಎರಡೂ ಕರ್ಣ ಎಳೆದ್ರೆ ನಾಲ್ಕು ತ್ರಿಭುಜ ಆಗುತ್ತೆ. ಆಗ 720 ಆಗ್ಬೇಕಲ್ಲ?"

ಉತ್ತರ ಬರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಸುತ್ತೋಲೆ ಪುಸ್ತಕ ಹಿಡಿದು ಜವಾನರು ನಿಂತರು. ಹಿಂದಿನ ಸಾಲಿನಲ್ಲಿ ಮಾತು ಶುರುವಾಯಿತು. ನಾನು ಹಿಂದಿನಿಂದ, "ಟೈಮ್ ನೋಡ್ಕೊಳ್ಳಿ" ಎಂದೆ. ಅವರು ಸೀಮೆಸುಣ್ಣ ಹಿಡಿದು ಹಲಗೆಯತ್ತ ನೋಡುತ್ತಾ ನಿಂತುಬಿಟ್ಟರು. ಅರ್ಧ ನಿಮಿಷವಾದರೂ ಆಗಿರಬೇಕು. ಆಮೇಲೆ ಪಾಠವನ್ನು ಮೊದಲಿನಿಂದ ಆರಂಭಿಸಿದರು. ನಾನು ಷರಾ ಬರೆದೆ.

ಮಧ್ಯಾಹ್ನ ಅವರು ಬಂದು ಎರಡು ವಿಷಯ ಹೇಳಿದರು. ಒಂದು, ಕೋರ್ಸ್ ಬಿಡುವ ಯೋಚನೆ ಇದೆ ಎಂದು. ಇನ್ನೊಂದು, "ಆ ಹುಡುಗನ ಪ್ರಶ್ನೆಗೆ ನಾಳೆ ಉತ್ತರ ಹೇಳಬಹುದಾ, ಮೇಡಂ?" ಎಂದು. ಪ್ರಶ್ನೆ ಅವರಿಗೆ ಅಕ್ಷರಶಃ ನೆನಪಿತ್ತು. ಕೇಳಿಸಲೇ ಇಲ್ಲವೆಂದು ನಾನು ತಿಳಿದಿದ್ದೆ.

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ ನೀವು?" ಎಂದೆ.

"ಕೇಳಿಸುತ್ತೆ ಮೇಡಂ. ಆದರೆ ಕೈಯಲ್ಲಿರೋದನ್ನ ಕೆಳಗಿಡದೆ ಇನ್ನೊಂದನ್ನ ತಗೊಳ್ಳೋಕೆ ಆಗಲ್ಲ. ಕೆಳಗಿಟ್ಟರೆ ಎಲ್ಲಿಟ್ಟೆ ಅಂತ ಮತ್ತೆ ಹುಡುಕಬೇಕು. ಒಂದೇ ಹೊತ್ತಿಗೆ ನಾಲ್ಕು ಬಂದವು. ನಾಲ್ಕನೆಯದು ನಿಮ್ಮದು."

ಕಾರಣವೇನು?

ಎರಡು ಕೆಲಸಗಳ ನಡುವೆ ಅತ್ತಿಂದಿತ್ತ ಹೊರಳುವಾಗ ಯಾರಿಗಾದರೂ ಸಮಯ ನಷ್ಟವಾಗುತ್ತದೆ. ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆಟಿಸಂ ಇರುವ ಅನೇಕರಲ್ಲಿ ಈ ಹೊರಳುವಿಕೆಗೆ ತೆರಬೇಕಾದ ಬೆಲೆ ಹೆಚ್ಚು. 2005ರಲ್ಲಿ ಡೈನಾ ಮರ್ರೆ ಮತ್ತು ಸಂಗಡಿಗರು ಇದಕ್ಕೆ 'ಮಾನೋಟ್ರೋಪಿಸಂ' ಎಂಬ ವಿವರಣೆ ಕೊಟ್ಟರು. ಕನ್ನಡದಲ್ಲಿ 'ಏಕಮುಖ ಗಮನ' ಎನ್ನಬಹುದು. ಗಮನವು ಹಲವು ಕಾಲುವೆಗಳಲ್ಲಿ ತೆಳುವಾಗಿ ಹರಿಯುವ ಬದಲು ಒಂದೆರಡು ಕಾಲುವೆಗಳಲ್ಲಿ ತುಂಬಿ ಹರಿಯುತ್ತದೆ ಎಂಬುದು ಇದರ ಸಾರ. ಹಾಗಾಗಿ ಇದನ್ನು ಗಮನದ ಕೊರತೆ ಎನ್ನಲಾಗದು. ಹಲಗೆಯ ಬರಹವನ್ನು ಮುದ್ರಣದಷ್ಟು ಅಚ್ಚುಕಟ್ಟಾಗಿಸಿದ್ದೂ ಪ್ರಶ್ನೆಗೆ ಉತ್ತರ ತಡೆದದ್ದೂ ಒಂದೇ ಗುಣ.

ಇಂಥ ತೊಡಕನ್ನು ಅಳೆಯುವ ಪರೀಕ್ಷೆಯೊಂದನ್ನು ಷಾಲಿಸ್ ಮತ್ತು ಬರ್ಜೆಸ್ 1991ರಲ್ಲಿ ಪ್ರಕಟಿಸಿದರು. ಅದರ ಈಗಿನ ರೂಪದಲ್ಲಿ ಹತ್ತು ನಿಮಿಷದೊಳಗೆ ಮೂರು ಬಗೆಯ ಆರು ಕೆಲಸಗಳನ್ನು ಸ್ವಲ್ಪ ಸ್ವಲ್ಪವಾದರೂ ಮುಟ್ಟಬೇಕು. ಒಂದೇ ಬಗೆಯ ಎರಡನ್ನು ಒಂದರ ಹಿಂದೆ ಒಂದು ಮಾಡುವಂತಿಲ್ಲ. ಬಿಡಿಯಾಗಿ ನೋಡಿದರೆ ಎಲ್ಲವೂ ಸುಲಭದ ಕೆಲಸಗಳು. ಯಾವುದನ್ನು ಯಾವಾಗ ಬಿಟ್ಟು ಯಾವುದನ್ನು ಹಿಡಿಯಬೇಕು ಎಂಬುದರಲ್ಲೇ ಕಷ್ಟವಿದೆ. ನಮ್ಮ ಸೂಕ್ಷ್ಮ ಬೋಧನೆಗೂ ಪೂರ್ಣಾವಧಿ ಪಾಠಕ್ಕೂ ಇರುವ ವ್ಯತ್ಯಾಸವೂ ಇದೇ ಅಲ್ಲವೇ? ಬೋಧನೆ ಏಕಕಾಲದ ಹಲವು ಕೆಲಸಗಳ ಕಟ್ಟು ಎಂದು ಒಪ್ಪಿಕೊಂಡೇ ನಾವು ಕೌಶಲಗಳನ್ನು ಬಿಡಿಸಿ ಕಲಿಸುತ್ತೇವೆ. ಮತ್ತೆ ಕಟ್ಟುವುದನ್ನು ಮಾತ್ರ ಕಲಿಸುವುದಿಲ್ಲ. ಅದು ತಾನಾಗಿಯೇ ಬರುತ್ತದೆಂದು ನಂಬುತ್ತೇವೆ.

ಅಷ್ಟಾವಧಾನ ನೋಡಿದವರಿಗೆ ಒಂದು ವಿಷಯ ಗೊತ್ತು. ಎಂಟು ಪೃಚ್ಛಕರು ಒಟ್ಟಿಗೆ ಬಾಯಿ ತೆರೆಯುವುದಿಲ್ಲ. ಸರದಿಯ ಪ್ರಕಾರ, ಸುತ್ತು ಸುತ್ತಾಗಿ, ಒಂದೊಂದು ಪಾದವಾಗಿ ಪದ್ಯ ಬೆಳೆಯುತ್ತದೆ. ನಡುವೆ ಬಾಯಿ ಹಾಕುವ ಹಕ್ಕು ಅಪ್ರಸ್ತುತ ಪ್ರಸಂಗದವರಿಗೆ ಇರುತ್ತದೆ. ಅಷ್ಟು ಕಟ್ಟುಪಾಡಿದ್ದರೂ ಅವಧಾನಿಗೆ ಶಾಲು ಹೊದಿಸಿ ಮೆಚ್ಚುತ್ತೇವೆ. ತರಗತಿಯಲ್ಲಿ ಎಲ್ಲರೂ ಅಪ್ರಸ್ತುತ ಪ್ರಸಂಗದವರೇ. ಆ ದಿನ ಅವರಲ್ಲಿ ಒಬ್ಬಳು ನಾನಾಗಿದ್ದೆ.

ಮಾಡಿದ ಹೊಂದಾಣಿಕೆಗಳು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಿಕ್ಷಣ ಸಂಸ್ಥೆಗಳು ಮಾಡಿಕೊಡಬೇಕೆಂದು ಅದರ 16ನೆಯ ಪ್ರಕರಣ ಹೇಳುತ್ತದೆ. ಸಮನ್ವಯ ಶಿಕ್ಷಣದ ಘಟಕದಲ್ಲಿ ಇದನ್ನು ನಾನೂ ಪಾಠ ಮಾಡಿದ್ದೆ, ಬೆಂಚಿನ ಮೇಲೆ ಕೂತ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಮಗು ಬೆಳೆದು ಹಲಗೆಯ ಪಕ್ಕ ನಿಲ್ಲಬಹುದೆಂದು ಯೋಚಿಸಿರಲಿಲ್ಲ. ಮುಂದಿನ ಪಾಠಗಳಿಗೆ ನಾವಿಬ್ಬರೂ ಕುಳಿತು ಇಷ್ಟನ್ನು ಗೊತ್ತುಮಾಡಿಕೊಂಡೆವು.

1. ಬರೆಯುವಾಗ ಮಾತಿಲ್ಲ, ಮಾತಾಡುವಾಗ ಬರಹವಿಲ್ಲ. ದೊಡ್ಡ ಚಿತ್ರಗಳು ಸುರುಳಿ ಹಲಗೆಯಲ್ಲಿ ಮೊದಲೇ ಸಿದ್ಧ.

2. ಪಾಠಯೋಜನೆಯಲ್ಲಿ ಕೆಂಪು ಗೆರೆಯಿಂದ ಮೂರು ನಿಲುಗಡೆಗಳು. ಪ್ರತಿ ನಿಲುಗಡೆಯಲ್ಲಿ ಗಡಿಯಾರ, ತರಗತಿ, ಪ್ರಶ್ನೆಗಳು, ಇದೇ ಕ್ರಮದಲ್ಲಿ. ಅಲ್ಲಿಯವರೆಗೆ ಮಕ್ಕಳು ಪ್ರಶ್ನೆಯನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಬೇಕು.

3. ಹಾಜರಿಯ ಚೀಟಿಯನ್ನು ತರಗತಿಯ ನಾಯಕಿ ಪಾಠಕ್ಕೆ ಮೊದಲೇ ಮೇಜಿನ ಮೇಲಿಡುವುದು. ಸುತ್ತೋಲೆ ಅವಧಿಯ ಕೊನೆಗೆ.

4. ತಡೆಯಲಾಗದ ಅಡ್ಡಿ ಬಂದರೆ, ನಿಂತ ಜಾಗದಲ್ಲಿ ಹಲಗೆಯ ಮೇಲೊಂದು ಬಾಣದ ಗುರುತು ಹಾಕಿ ಅತ್ತ ತಿರುಗುವುದು. ಮರಳಿ ಬಂದಾಗ ಹುಡುಕಬೇಕಾಗಿಲ್ಲ.

5. ವೀಕ್ಷಕರು ಪಾಠದ ನಡುವೆ ಮಾತಾಡಕೂಡದು. ಹಿಮ್ಮಾಹಿತಿ ಬರಹದಲ್ಲಿ, ಒಂದು ಸಲಕ್ಕೆ ಒಂದು ಅಂಶ.

ಫಲಿತಾಂಶ ಮತ್ತು ಮಿತಿ

ಮರುದಿನ ಅವರು ಮೊದಲು ಎತ್ತಿಕೊಂಡದ್ದು ಆ ಹುಡುಗನ ಪ್ರಶ್ನೆಯನ್ನೇ. ಎರಡೂ ಕರ್ಣ ಎಳೆದರು. ನಾಲ್ಕು ತ್ರಿಭುಜಗಳ ಮೊತ್ತ 720 ನಿಜ, ಆದರೆ ಕರ್ಣಗಳು ಕೂಡುವ ಬಿಂದುವಿನ ಸುತ್ತಲಿನ 360 ಡಿಗ್ರಿ ಚತುರ್ಭುಜದ ಮೂಲೆಗಳಿಗೆ ಸೇರಿದ್ದಲ್ಲ, ಅದನ್ನು ಕಳೆಯಿರಿ ಎಂದರು. ಹುಡುಗ ಕಳೆದು ನೋಡಿ, "360ಏ ಬಂತು ಸರ್!" ಎಂದ. ಪಠ್ಯದಲ್ಲಿ ಒಂದೇ ದಾರಿಯಿದ್ದ ಪ್ರಮೇಯಕ್ಕೆ ಆ ತರಗತಿಯಲ್ಲಿ ಎರಡು ದಾರಿಗಳಾದವು.

ಮುಂದಿನ ಪಾಠಗಳಲ್ಲಿ ಇನ್ನೊಂದನ್ನು ಗಮನಿಸಿದೆ. ಬರೆಯುವಾಗ ಮಾತು ನಿಂತದ್ದರಿಂದ ನಿಧಾನವಾಗಿ ಬರೆಯುವ ಮಕ್ಕಳಿಗೂ ನಕಲು ಮಾಡಿಕೊಳ್ಳಲು ಹೊತ್ತು ಸಿಕ್ಕಿತು. ಪುಸ್ತಕದ ಅಂಚಿನ ಪ್ರಶ್ನೆಗಳಲ್ಲಿ, ಎಂದೂ ಕೈ ಎತ್ತದ ಮಕ್ಕಳ ಪ್ರಶ್ನೆಗಳೂ ಇದ್ದವು.

ಎಲ್ಲವೂ ಸರಿಹೋಯಿತು ಎಂದಲ್ಲ. ಒಂದು ದಿನ ಹಿಂದಿನ ಬೆಂಚಿನಲ್ಲಿ ಇಬ್ಬರು ತಳ್ಳಾಡಿ, ಒಬ್ಬನ ಹಣೆ ಮೇಜಿಗೆ ತಗುಲಿತು. ಅವರಿಗೆ ತಿಳಿದದ್ದು ತಡವಾಗಿ. ಪೆಟ್ಟು ಸಣ್ಣದು. ಆದರೆ ನಿಲುಗಡೆಯವರೆಗೆ ಕಾಯಲಾಗದ ಸಂಗತಿಗಳೂ ತರಗತಿಯಲ್ಲಿರುತ್ತವೆ ಎಂಬುದನ್ನು ನಾವಿಬ್ಬರೂ ಒಪ್ಪಿಕೊಳ್ಳಬೇಕಾಯಿತು. ಅಂದಿನಿಂದ ಸಹಪಾಠಿ ವೀಕ್ಷಕರು ಹಿಂದೆ ಕುಳಿತು, ತುರ್ತಿದ್ದರೆ ಮಾತ್ರ ಎದ್ದು ನಿಲ್ಲುವ ಏರ್ಪಾಡಾಯಿತು. ನೇಮಕವಾದ ಮೇಲೆ ಒಬ್ಬರೇ ಇರುವ ತರಗತಿಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಆಟಿಸಂ ಇರುವವರೆಲ್ಲರೂ ಒಂದೇ ತೆರನಲ್ಲ ಎಂಬುದನ್ನೂ ಮರೆಯಬಾರದು. ಇವರಿಗೆ ಒಗ್ಗಿದ ಕೆಂಪು ಗೆರೆ ಇನ್ನೊಬ್ಬರಿಗೆ ಕಿರಿಕಿರಿಯಾಗಬಹುದು. ಕೇಳಿಯೇ ತಿಳಿಯಬೇಕು.

ಉಪಸಂಹಾರ

ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟೇ. ಸೂಕ್ಷ್ಮ ಬೋಧನೆಗೂ ಪೂರ್ಣಾವಧಿ ಪಾಠಕ್ಕೂ ನಡುವೆ ಎರಡು ಕೌಶಲ, ಆಮೇಲೆ ಮೂರು ಕೌಶಲ ಜೋಡಿಸುವ ಪಾಠಗಳನ್ನು ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಇಡೋಣ. ಷರಾ ಬರೆಯುವ ಮೊದಲು "ಆ ಹೊತ್ತಿನಲ್ಲಿ ನಿಮಗೆ ಏನಾಯಿತು?" ಎಂದು ಒಮ್ಮೆ ಕೇಳೋಣ. ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು: ನಿಮ್ಮ ಮನಸ್ಸು ಕೆಲಸ ಮಾಡುವ ಬಗೆ ನಿಮಗೆ ತಿಳಿದಿದ್ದರೆ, ಅದನ್ನು ಪಾಠಯೋಜನೆಯಲ್ಲೇ ಬರೆಯಿರಿ.

ನಾನು ಹೊಡೆದುಹಾಕಿದ ಸಾಲಿನ ಕೆಳಗೆ ಈಗ ಹೀಗಿದೆ: "ವಿಷಯಜ್ಞಾನ ಉತ್ತಮ. ವೀಕ್ಷಕರಿಂದ ಪಾಠಕ್ಕೆ ಅಡ್ಡಿಯಾಗಿದೆ. ಮರುವೀಕ್ಷಣೆ ಅಗತ್ಯ." ಅವರು ಕೋರ್ಸ್ ಬಿಡಲಿಲ್ಲ.