ಕಂಠಧ್ವನಿಯ ಮಾರ್ಪಾಡು
ವೀಣೆಯ ತಂತಿ ದಪ್ಪನಾದಷ್ಟೂ ಸ್ವರ ತಗ್ಗುವುದೆಂಬುದನ್ನು ನಾವು ಬಲ್ಲೆವು. ಹರೆಯದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಹುಡುಗರ ಧ್ವನಿತಂತುಗಳನ್ನು ಹೀಗೆಯೇ ದಪ್ಪಗಾಗಿಸುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ವೈದ್ಯರ ಸಲಹೆಯಂತೆ ಈಸ್ಟ್ರೊಜೆನ್ ಸೇವಿಸಿದರೆ ಚರ್ಮವು ಮೃದುವಾಗುವುದು, ಸ್ತನಗಳು ಬೆಳೆಯುವುವು. ಧ್ವನಿತಂತುಗಳು ಮಾತ್ರ ಮತ್ತೆ ತೆಳುವಾಗವು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರಿಗಾದರೋ ಟೆಸ್ಟೋಸ್ಟಿರೋನೇ ಕೆಲವು ತಿಂಗಳುಗಳಲ್ಲಿ ದನಿಯನ್ನು ತಗ್ಗಿಸುತ್ತದೆ.

ಬಾಯಿ ತೆರೆದೊಡನೆ ನಗೆಪಾಟಲಾಗುವೆನೆಂದು ಅಂಜಿ ವೈದ್ಯರೆದುರಿನಲ್ಲಿಯೂ ಮೌನವಾಗಿರುವವರಿಗೆ ಇದು ಸಣ್ಣ ಸಂಗತಿಯಲ್ಲ. ಬಲವಂತವಾಗಿ ಕೀರಲು ದನಿ ತೆಗೆದರೆ ತಂತುಗಳಿಗೆ ಹಾನಿ. ಸ್ಥಾಯಿಯನ್ನೂ ನಾದವನ್ನೂ ಮೆಲ್ಲನೆ ಬದಲಿಸುವ ವಾಕ್‌ಶಿಕ್ಷಣವೇ ಮೊದಲ ಉಪಾಯ. ಶಸ್ತ್ರಚಿಕಿತ್ಸೆಯ ವಿಚಾರ ಅನಂತರದ್ದು. ಕಂಠದ ತೊಂದರೆಗಳಿಗೆ ಚಿಕಿತ್ಸೆ ನೀಡುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ದನಿಯನ್ನು ತಿದ್ದುವುದು ಅಲ್ಲಿನ ತಜ್ಞರ ಕಾರ್ಯ. ನಗದೆ ಆಲಿಸುವುದು ನಮ್ಮ ಕರ್ತವ್ಯ.