ಜೆಸಿಬಿ ಬರುವ ಮೊದಲು ಬೇರಿಗೊಂದು ಗೆರೆ

ಮಲೆನಾಡಿನಲ್ಲಿ ನೀರಿನ ಪೈಪು, ಇಂಟರ್‌ನೆಟ್ ಕೇಬಲ್ಲು ಹಾಯುವುದು ಹೆಚ್ಚಾಗಿ ರಸ್ತೆಯಂಚಿನ ಕಾಡಿನಲ್ಲೇ. ಅಲ್ಲಿನ ಮರ ಕಡಿದರೆ ಊರೆಲ್ಲ ಪ್ರಶ್ನಿಸುತ್ತದೆ, ಬೇರು ಕಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬುಡದ ಒಂದು ಮಗ್ಗುಲಿನ ಬೇರು ಕಳೆದುಕೊಂಡ ಮತ್ತಿಯೋ ಹಲಸೋ ಆ ವರ್ಷ ಹಸಿರಾಗಿಯೇ ಇರುತ್ತದೆ. ಎರಡು–ಮೂರು ವರ್ಷಗಳ ಮೇಲೆ ತುದಿ ಒಣಗತೊಡಗುತ್ತದೆ, ಇಲ್ಲವೇ ಮಳೆಗಾಲದ ಗಾಳಿಗೆ ಮರವೇ ಉರುಳುತ್ತದೆ.

ಬೇರೆಲ್ಲ ಆಳಕ್ಕೆ ಇಳಿದಿರುತ್ತದೆ ಎಂಬುದು ತಪ್ಪು ನಂಬಿಕೆ. ನೀರು, ಗಾಳಿ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು–ಮೂರು ಅಡಿ ಮಣ್ಣಿನಲ್ಲಿದ್ದು, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಪೈಪಿನ ಗುಂಡಿ ಸೀಳುವುದು ಇದೇ ಪದರವನ್ನು.

ಆದ್ದರಿಂದ ಮೊದಲ ಕೆಲಸ ಅಳತೆ. ಎದೆಮಟ್ಟದಲ್ಲಿ ಕಾಂಡಕ್ಕೆ ಹಗ್ಗ ಸುತ್ತಿ. ಆ ಸುತ್ತಳತೆಯ ನಾಲ್ಕು ಪಟ್ಟು ಉದ್ದವನ್ನು ಬುಡದಿಂದ ಎಲ್ಲ ದಿಕ್ಕಿಗೂ ಅಳೆದು ಸುಣ್ಣದಲ್ಲಿ ಗೆರೆ ಎಳೆಯಿರಿ. ಕಾಂಡದ ವ್ಯಾಸ 40 ಸೆಂ.ಮೀ. ಇದ್ದರೆ ಗೆರೆ ಸುಮಾರು 5 ಮೀಟರ್ ದೂರಕ್ಕೆ ಬರುತ್ತದೆ. ಗೂಟ ನೆಟ್ಟು ಹಗ್ಗ ಕಟ್ಟಿದರೆ ಇನ್ನೂ ಒಳ್ಳೆಯದು. ಗೆರೆಯ ಒಳಗೆ ಯಂತ್ರ ನಿಲ್ಲಬಾರದು, ಪೈಪು, ಜಲ್ಲಿ, ಸಿಮೆಂಟು ರಾಶಿ ಹಾಕಬಾರದು. ಟೈರಿನ ಭಾರಕ್ಕೆ ಹಸಿ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ ಸಿಗದು.

ಪೈಪಿನ ದಾರಿಯನ್ನು ಗೆರೆಯ ಹೊರಗೆ ಸರಿಸಲು ಎಂಜಿನಿಯರನ್ನು ಕೇಳಿ. ನಕ್ಷೆಯ ಹಂತದಲ್ಲಿ ಇದು ಸುಲಭ, ಅಗೆತ ಶುರುವಾದ ಮೇಲೆ ಕಷ್ಟ. ಆಗದಿದ್ದರೆ ಬೇರಿನ ಕೆಳಗೆ ಅಡ್ಡಲಾಗಿ ಕೊರೆಯುವ ಯಂತ್ರ ತರಿಸಲು ಹೇಳಿ. ಅದೂ ಆಗದಿದ್ದರೆ ಹಾರೆ, ಗುದ್ದಲಿಯಲ್ಲೇ ತೋಡಬೇಕು.

ಕೈಯಲ್ಲಿ ತೋಡುವಾಗ ಹೆಬ್ಬೆರಳಿಗಿಂತ ದಪ್ಪದ, ಅಂದರೆ 25 ಮಿ.ಮೀ. ಮೀರಿದ ಬೇರುಗಳನ್ನು ಹಾಗೇ ಬಿಟ್ಟು ಪೈಪನ್ನು ಅವುಗಳ ಅಡಿಯಲ್ಲಿ ತೂರಿಸಿ. ಸಣ್ಣ ಬೇರು ಕತ್ತರಿಸಲೇಬೇಕಾದರೆ ಗರಗಸದಿಂದ ನೇರವಾಗಿ ಕೊಯ್ಯಿರಿ. ಜೆಸಿಬಿಯ ಬಕೆಟ್ಟು ಬೇರನ್ನು ಕೊಯ್ಯುವುದಿಲ್ಲ, ಎಳೆದು ಸಿಗಿಯುತ್ತದೆ. ಆ ಗಾಯದೊಳಗೆ ಶಿಲೀಂಧ್ರ ಹೊಕ್ಕು ಕೊಳೆ ಹಬ್ಬುತ್ತದೆ. ತೆರೆದ ಬೇರಿಗೆ ಒದ್ದೆ ಗೋಣಿ ಹೊದಿಸಿ. ಸಾಧ್ಯವಾದರೆ ಅದೇ ದಿನ, ಅಲ್ಲೇ ತೆಗೆದ ಮಣ್ಣಿನಿಂದ ಗುಂಡಿ ಮುಚ್ಚಿಸಿ. ಮೇಲ್ಮಣ್ಣು ಮೇಲೇ ಬರಲಿ, ಕಟ್ಟಡದ ತ್ಯಾಜ್ಯ ಬೇಡ. ಬೇಸಿಗೆಯಾದರೆ ಕೆಲವು ವಾರ ನೀರು ಹಾಕಿ.

ವಿದ್ಯುತ್ ತಂತಿಗಾಗಿ ಕೊಂಬೆ ತೆಗೆಯುವಾಗ ಮೊದಲು ಅಡಿಯಿಂದ ಅರ್ಧ ಕೊಯ್ದು, ಆಮೇಲೆ ಸ್ವಲ್ಪ ಹೊರಗೆ ಮೇಲಿನಿಂದ ಕತ್ತರಿಸಿದರೆ ತೊಗಟೆ ಸೀಳುವುದಿಲ್ಲ. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ ಕೊಯ್ಯಬೇಕು. ತಂತಿಯ ಹತ್ತಿರದ ಈ ಕೆಲಸ ಲೈನ್‌ಮನ್‌ಗಳಿಗೇ ಇರಲಿ.

ಮರ ತೆಗೆಯಲೇಬೇಕೆಂದು ಯಾರಾದರೂ ಹೇಳಿದರೆ ಅನುಮತಿ ಪತ್ರ ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅದನ್ನು ಕೊಡಬೇಕಾದವರು ವೃಕ್ಷಾಧಿಕಾರಿ. ನಿಮ್ಮೂರಿನ ಕಾಮಗಾರಿಯ ಅಂದಾಜುಪಟ್ಟಿ ತಯಾರಾಗುವಾಗಲೇ ಗ್ರಾಮಸಭೆಯಲ್ಲಿ ಮರಗಳ ಮಾತೆತ್ತಿ. ಕೈಯಲ್ಲಿ ಅಗೆಯುವ ಕೂಲಿ ಅಂದಾಜಿನಲ್ಲಿ ಸೇರಿದರೆ ಮಾತ್ರ ಗುತ್ತಿಗೆದಾರರು ಹಾಗೆ ಅಗೆಸುತ್ತಾರೆ.