ಉಸಿರಾಡಿದರೂ ಆಮ್ಲಜನಕ ಸಿಗದಿದ್ದರೆ? – ಔಷಧಿ ಮತ್ತು ಹಿಮೋಗ್ಲೋಬಿನ್



ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ತುಟಿ, ಉಗುರು ನೀಲಿಗಟ್ಟಿವೆ. ಶ್ವಾಸಕೋಶ, ಹೃದಯ ಎರಡೂ ಸರಿಯಾಗಿವೆ. ಹಿಮೋಗ್ಲೋಬಿನ್ 15 ಗ್ರಾಂ ಇದೆ. ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರೂ ಬೆರಳಿನ ಆಕ್ಸಿಮೀಟರ್ 85ರ ಆಸುಪಾಸಿನಲ್ಲೇ ನಿಂತಿದೆ. ಹಾಗಾದರೆ ತೊಂದರೆ ಎಲ್ಲಿದೆ? ಉತ್ತರ ಪ್ರಥಮ ಪಿಯುಸಿಯ ಎರಡು ಪಾಠಗಳಲ್ಲಿದೆ: ಜೀವಶಾಸ್ತ್ರದ ಅನಿಲ ವಿನಿಮಯ ಮತ್ತು ರಸಾಯನಶಾಸ್ತ್ರದ ರೆಡಾಕ್ಸ್ ಕ್ರಿಯೆ.

ಒಂದು ಎಲೆಕ್ಟ್ರಾನ್‌ನ ವ್ಯತ್ಯಾಸ

ಹಿಮೋಗ್ಲೋಬಿನ್‌ನ ಒಂದು ಅಣುವಿನಲ್ಲಿ ನಾಲ್ಕು ಹೀಮ್ ಗುಂಪುಗಳಿವೆ. ಪ್ರತಿಯೊಂದರ ನಡುವೆ ಒಂದು ಕಬ್ಬಿಣದ ಅಯಾನು ಇದೆ. ಅದು ಫೆರಸ್ (+2) ರೂಪದಲ್ಲಿದ್ದರೆ ಮಾತ್ರ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ (+3) ಆದರೆ ಹಿಡಿಯಲಾರದು. ಹೀಗೆ ಉತ್ಕರ್ಷಣಗೊಂಡ ಹಿಮೋಗ್ಲೋಬಿನ್‌ಗೆ ಮೆಟ್‌ಹಿಮೋಗ್ಲೋಬಿನ್ ಎಂದು ಹೆಸರು.

ಇದು ನಮ್ಮೆಲ್ಲರ ರಕ್ತದಲ್ಲೂ ದಿನವೂ ಸ್ವಲ್ಪ ಸ್ವಲ್ಪ ಉಂಟಾಗುತ್ತದೆ. ಆದರೆ ಕೆಂಪು ರಕ್ತಕಣದಲ್ಲಿರುವ ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಮತ್ತೆ ಫೆರಸ್ ರೂಪಕ್ಕೆ ತರುವುದರಿಂದ ಪ್ರಮಾಣ ಶೇ. 1ರ ಆಸುಪಾಸಿನಲ್ಲಿ ಉಳಿಯುತ್ತದೆ. ಕೆಲವು ಔಷಧಿಗಳು ಈ ಕಿಣ್ವ ಸರಿಪಡಿಸುವುದಕ್ಕಿಂತ ವೇಗವಾಗಿ ಉತ್ಕರ್ಷಣ ನಡೆಸುತ್ತವೆ.

ಯಾವ ಔಷಧಿಗಳು?

ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ ಕೊಡುವ ಪ್ರೈಮಾಕ್ವಿನ್, ಬಾಯಿ-ಗಂಟಲು ಮರಗಟ್ಟಿಸಲು ಬಳಸುವ ಬೆಂಜೋಕೇನ್, ಅಮೈಲ್ ನೈಟ್ರೈಟ್‌ನಂಥ ನೈಟ್ರೈಟ್‌ಗಳು ಮುಖ್ಯವಾದವು. ಡ್ಯಾಪ್ಸೋನ್ ತಾನೇ ನೇರವಾಗಿ ಹೀಗೆ ಮಾಡುವುದಿಲ್ಲ. ಯಕೃತ್ತಿನಲ್ಲಿ ಅದರಿಂದ ಹುಟ್ಟುವ ಹೈಡ್ರಾಕ್ಸಿಲಮೈನ್ ಸಂಯುಕ್ತವೇ ಕಬ್ಬಿಣವನ್ನು ಉತ್ಕರ್ಷಿಸುತ್ತದೆ.

ಲೆಕ್ಕ ಹಾಕಿ ನೋಡೋಣ

1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ 15 ಗ್ರಾಂ ಇದ್ದರೆ ಸುಮಾರು 20 ಮಿ.ಲೀ. ಅದರಲ್ಲಿ ಶೇ. 30ರಷ್ಟು ಮೆಟ್‌ಹಿಮೋಗ್ಲೋಬಿನ್ ಆದರೆ ಉಳಿಯುವುದು ಸುಮಾರು 14 ಮಿ.ಲೀ. ಸಮಸ್ಯೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಅಣುವಿನ ಕೆಲವು ಹೀಮ್‌ಗಳು ಫೆರಿಕ್ ಆದಾಗ, ಉಳಿದವು ತಾವು ಹಿಡಿದ ಆಮ್ಲಜನಕವನ್ನು ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೀವು ಓದಿದ ವಿಯೋಜನಾ ರೇಖೆ ಎಡಕ್ಕೆ ಸರಿಯುತ್ತದೆ. ಆದ್ದರಿಂದಲೇ ಇದು ಅಷ್ಟೇ ಪ್ರಮಾಣದ ರಕ್ತಹೀನತೆಗಿಂತ ಹೆಚ್ಚು ಅಪಾಯಕಾರಿ.

ಗುರುತಿಸುವುದು ಹೇಗೆ?

ರಕ್ತ ಚಾಕೊಲೇಟ್‌ನಂತೆ ಕಂದಾಗಿ ಕಾಣುತ್ತದೆ. ಸಾಮಾನ್ಯ ಕಪ್ಪುಗೆಂಪು ರಕ್ತದ ಹನಿಯನ್ನು ಬಿಳಿ ಫಿಲ್ಟರ್ ಕಾಗದದ ಮೇಲೆ ಹಾಕಿದರೆ ಗಾಳಿ ತಾಗಿ ಕೆಂಪಾಗುತ್ತದೆ. ಇದು ಕಂದಾಗಿಯೇ ಉಳಿಯುತ್ತದೆ. ಪ್ರಮಾಣ ಹೆಚ್ಚಿದಂತೆ ತಲೆನೋವು, ಸುಸ್ತು, ಏದುಸಿರು ಬರುತ್ತವೆ. ಶೇ. 50 ದಾಟಿದರೆ ಪ್ರಜ್ಞೆ ತಪ್ಪಬಹುದು, ಶೇ. 70 ಮೀರಿದರೆ ಪ್ರಾಣಕ್ಕೇ ಕುತ್ತು.

ಚಿಕಿತ್ಸೆ

ಕೆನ್ನೆಯ ಒಳಪದರದ ಜೀವಕೋಶ ನೋಡಲು ಪ್ರಯೋಗಾಲಯದಲ್ಲಿ ಹಾಕುವ ಮೆಥಿಲೀನ್ ಬ್ಲೂ ನೆನಪಿದೆಯೇ? ಚುಚ್ಚುಮದ್ದಿಗಾಗಿ ಶುದ್ಧೀಕರಿಸಿದ ಅದೇ ಬಣ್ಣ ಇಲ್ಲಿ ಮದ್ದು. ಎನ್‌ಎಡಿಪಿಎಚ್‌ನಿಂದ ಎಲೆಕ್ಟ್ರಾನ್ ಪಡೆದು ಫೆರಿಕ್ ಕಬ್ಬಿಣಕ್ಕೆ ದಾಟಿಸುವುದು ಅದರ ಕೆಲಸ. ಆದರೆ ಕೆಂಪು ರಕ್ತಕಣದಲ್ಲಿ ಎನ್‌ಎಡಿಪಿಎಚ್ ತಯಾರಾಗಲು ಜಿ6ಪಿಡಿ ಕಿಣ್ವ ಬೇಕು. ಹುಟ್ಟಿನಿಂದಲೇ ಆ ಕಿಣ್ವದ ಕೊರತೆಯಿರುವವರಿಗೆ ಈ ಮದ್ದು ಫಲಿಸುವುದಿಲ್ಲ. ಬದಲಿಗೆ ರಕ್ತಕಣಗಳೇ ಒಡೆಯಬಹುದು. ಪ್ರೈಮಾಕ್ವಿನ್‌ನಿಂದಲೂ ಅವರಿಗೆ ಇದೇ ಅಪಾಯವಿದೆ. ಆದ್ದರಿಂದಲೇ ಅದನ್ನು ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನಮಗೇನು ಪಾಠ?

ಈ ಔಷಧಿಗಳು ಕೆಟ್ಟವಲ್ಲ. ಡ್ಯಾಪ್ಸೋನ್ ಅಸಂಖ್ಯ ಕುಷ್ಠರೋಗಿಗಳನ್ನು ಗುಣಪಡಿಸಿದ ತಂಡದ ಒಂದು ಮದ್ದು. ಹೆದರಿ ನಾವೇ ನಿಲ್ಲಿಸುವುದು ತಪ್ಪು. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ನಾವು ನುಂಗುವುದೂ ತಪ್ಪು. ಮನೆಯಲ್ಲಿ ಯಾರಿಗಾದರೂ ಹೊಸ ಔಷಧಿ ಶುರುವಾದ ಮೇಲೆ ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದೇ ಮೊದಲ ಸುಳಿವು.

ಯೋಚಿಸಿ: ಜಿ6ಪಿಡಿ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಹಾಗಾದರೆ ಈ ಕೊರತೆ ಹುಡುಗರಲ್ಲಿ ಹೆಚ್ಚೋ, ಹುಡುಗಿಯರಲ್ಲೋ? ಏಕೆ?